ಪರಮಸೂಕ್ಷ್ಮ ಶ್ರೀ ನ್ಯಾನೋರಂಧ್ರ ಮಹಾಶಯರ ಸನ್ನಿಧಾನಕ್ಕೆ

ತೀರ್ಥರೂಪ ಸಮಾನರೂ, ಏಕಾಯಾನುದರ್ಶಿಗಳೂ, ಪಿಕೋಆಂಪಿಯರ್ ಚಕ್ರವರ್ತಿಗಳೂ ಆದ ಶ್ರೀ ನ್ಯಾನೋರಂಧ್ರ ಮಹಾಶಯರ ಪಾದಗಳಿಗೆ, ಬೋರ್‌ವೆಲ್ ನೀರಿನ ಖಾಯಂ ಗಿರಾಕಿಯೊಬ್ಬ ಮಾಡುವ ಸಾಷ್ಟಾಂಗ ನಮಸ್ಕಾರಗಳು.

ಉಭಯಕುಶಲೋಪರಿ ಸಾಂಪ್ರತ. ಈ ಕಡೆ ಎಲ್ಲರೂ ಕ್ಷೇಮ ಎಂದು ಬರೆಯುವುದು ವಾಡಿಕೆ. ಪರೀಕ್ಷೆಗೆ ಕೊಟ್ಟ ನೀರಿನ ವರದಿ ಇನ್ನೂ ಕೈಗೆ ಬಂದಿಲ್ಲವಾದ್ದರಿಂದ ಆ ಒಂದು ವಾಕ್ಯದ ಜಾಗವನ್ನು ಸದ್ಯಕ್ಕೆ ಖಾಲಿ ಬಿಟ್ಟಿದ್ದೇನೆ, ಕ್ಷಮಿಸಬೇಕು. ತಮ್ಮ ಕ್ಷೇಮಸಮಾಚಾರ ಮಾತ್ರ ನಮಗೆ ತಪ್ಪದೆ ತಲುಪುತ್ತಿರುತ್ತದೆ. ವಿಜ್ಞಾನದ ಪುಟಗಳಲ್ಲಿ ತಮ್ಮ ಹೆಸರು ಕಾಣುವುದೇ ಒಂದು ಹಬ್ಬ. ಸುದ್ದಿ ಯಾವಾಗಲೂ ಒಂದೇ: ತಾವು ಹಿಂದೆಂದಿಗಿಂತ ಸೂಕ್ಷ್ಮವಾಗಿದ್ದೀರಿ, ನೀರಿನಲ್ಲಿರುವ ಸೀಸ, ಪಾದರಸ, ಕ್ಯಾಡ್ಮಿಯಂಗಳನ್ನು ಒಂದೊಂದೇ ಕಣವಾಗಿ ಎಣಿಸಬಲ್ಲಿರಿ, ಇನ್ನೇನು ಜನರ ಬಳಿಗೆ ಹೊರಟೇಬಿಟ್ಟಿರಿ. ಹೊರಡುವ ಮುಹೂರ್ತ ಕೂಡಿಬರಲಿ ಎಂದು ನಾವು ಇಲ್ಲಿ ಕೊಡ ಹಿಡಿದುಕೊಂಡೇ ನಿಂತಿದ್ದೇವೆ.

ತಮ್ಮ ಗಾತ್ರದ ಬಗ್ಗೆ ಮಾತಾಡುವಾಗ ಕೂದಲೆಳೆಯನ್ನು ಎಳೆದು ತರುವ ಪದ್ಧತಿಯೊಂದಿದೆ. ನಾನು ಅದನ್ನು ಪಾಲಿಸುವುದಿಲ್ಲ, ತಮ್ಮ ಘನತೆಗೆ ಅದು ತಕ್ಕದ್ದಲ್ಲ. ತಮ್ಮ ಅತಿ ಕಿರಿದಾದ ಕಂಠ ಸುಮಾರು 1.4 ನ್ಯಾನೋಮೀಟರ್ ಎಂದಷ್ಟೇ ಹೇಳಿ ಕೈಮುಗಿಯುತ್ತೇನೆ. ಅದಕ್ಕಿಂತ ಮುಖ್ಯವಾದದ್ದು ತಮ್ಮ ವಂಶಾವಳಿ. ಕುಲದ ಹಿರಿಯರೆಂದರೆ ಅಮೆರಿಕದ ವ್ಯಾಲೇಸ್ ಕೌಲ್ಟರ್ ಮಾಡಿದ ರಂಧ್ರ. ಉಪ್ಪುನೀರಿನ ಎರಡು ಕೊಠಡಿಗಳ ನಡುವೆ ಒಂದು ಸಣ್ಣ ತೂತು, ಅದರಲ್ಲಿ ವಿದ್ಯುತ್ ಹರಿವು, ರಕ್ತಕಣವೊಂದು ದಾಟಿದಾಗಲೆಲ್ಲ ಆ ಹರಿವಿನಲ್ಲಿ ಒಂದು ಕುಸಿತ. 1953ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಆ ಹಿರಿಯರು ಸುಮ್ಮನೆ ಕೂರಲಿಲ್ಲ. ಆಸ್ಪತ್ರೆಗಳಿಗೆ ಹೋಗಿ ನಿಂತು ಲೋಕದ ರಕ್ತಕಣಗಳನ್ನೆಲ್ಲ ಎಣಿಸುವ ಕೆಲಸ ಹಿಡಿದರು. ಹಿರಿಯರ ಉದಾಹರಣೆ ಹೇಳಿ ತಮ್ಮ ಮನಸ್ಸು ನೋಯಿಸುವ ಉದ್ದೇಶ ನನಗಿಲ್ಲ. ಮಾತು ಬಂದದ್ದಕ್ಕೆ ಹೇಳಿದೆ ಅಷ್ಟೆ.

ತಾಯಿಯ ಕಡೆಯಿಂದ ತಾವು ಇನ್ನೂ ದೊಡ್ಡ ಮನೆತನದವರು. ಸ್ಟ್ಯಾಫಿಲೋಕಾಕಸ್ ಔರಿಯಸ್ ಎಂಬ ಬ್ಯಾಕ್ಟೀರಿಯಾ ನಮ್ಮ ರಕ್ತಕಣಗಳನ್ನು ಕೊರೆದು ಒಡೆಯಲೆಂದು ಹೆಣೆಯುವ ಆಲ್ಫಾ-ಹೀಮೊಲೈಸಿನ್ ಎಂಬ ವಿಷವೇ ತಮ್ಮ ಮೂಲರೂಪ. ಏಳು ಪ್ರೋಟೀನ್ ತುಂಡುಗಳು ಸೇರಿ ಅಣಬೆಯಾಕಾರದ ಕೊಳವೆಯಾಗಿ ಪೊರೆಯೊಳಗೆ ನಾಟಿಕೊಳ್ಳುತ್ತವೆ. 1996ರಲ್ಲಿ ಆ ರೂಪದ ಪರಮಾಣುಮಟ್ಟದ ದರ್ಶನ ಭಕ್ತರಿಗಾಯಿತು. ಅದೇ ವರ್ಷ ಕಾಸಿಯಾನೊವಿಚ್, ಬ್ರಾಂಡಿನ್, ಬ್ರಾಂಟನ್, ಡೀಮರ್ ಎಂಬ ನಾಲ್ವರು ವಿಜ್ಞಾನಿಗಳು ಅದೇ ಕೊಳವೆಯ ಮೂಲಕ ಡಿಎನ್‌ಎ ಎಳೆಯೊಂದನ್ನು ತೂರಿಸಿ ತೋರಿಸಿದರು. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕೆಂಬ ನಮ್ಮವರ ಮಾತು ತಮಗಾಗಿಯೇ ಹುಟ್ಟಿದಂತಿದೆ. ವಿಷದ ಪತ್ತೆಗೆ ವಿಷವೇ ಬರಲಿ, ನಮ್ಮ ತಕರಾರಿಲ್ಲ. ಬಂದರೆ ಸಾಕು.

ತಮ್ಮ ಕಾರ್ಯವೈಖರಿಯನ್ನು ಕೊಂಡಾಡದೆ ದೂರು ಹೇಳುವುದು ಅವಿವೇಕವಾದೀತು. ಪೊರೆಯ ಎರಡೂ ಬದಿಗೆ ಉಪ್ಪುನೀರು ತುಂಬಿ ನೂರು ಮಿಲಿವೋಲ್ಟ್‌ನಷ್ಟು ಒತ್ತಡ ಕೊಟ್ಟರೆ ತಮ್ಮೊಳಗಿನಿಂದ ನೂರು ಪಿಕೋಆಂಪಿಯರ್‌ನಷ್ಟು ವಿದ್ಯುತ್ ಹರಿಯುತ್ತದೆ. ಆಂಪಿಯರಿನ ಲಕ್ಷಕೋಟಿಯ ಒಂದು ಭಾಗ ಒಂದು ಪಿಕೋಆಂಪಿಯರ್. ಇಷ್ಟು ಅಲ್ಪ ಎಂದುಕೊಂಡರೂ ಲೆಕ್ಕ ಹಾಕಿದರೆ ಸೆಕೆಂಡಿಗೆ ಅರವತ್ತು ಕೋಟಿಗೂ ಹೆಚ್ಚು ಅಯಾನುಗಳು ತಮ್ಮ ಕಂಠದಲ್ಲಿ ಹಾದುಹೋಗುತ್ತವೆ. ಆ ನೂಕುನುಗ್ಗಲಿನ ನಡುವೆ ಕ್ಯಾಡ್ಮಿಯಂ ಅಯಾನೊಂದು ಬಂದು ಗೋಡೆಗೆ ಒರಗಿ ಕೂತರೆ ಹರಿವು ಚೂರು ತಗ್ಗುತ್ತದೆ, ಅದು ಎದ್ದು ಹೋದರೆ ಮತ್ತೆ ಏರುತ್ತದೆ. ಎಷ್ಟು ತಗ್ಗಿತು, ಎಷ್ಟು ಹೊತ್ತು ತಗ್ಗಿತು ಎಂಬುದು ಬಂದವರು ಯಾರೆಂದು ಹೇಳುತ್ತದೆ. ಎಷ್ಟು ಸಲ ತಗ್ಗಿತು ಎಂಬುದು ನೀರಿನಲ್ಲಿ ಅಂಥವರು ಎಷ್ಟಿದ್ದಾರೆಂದು ಹೇಳುತ್ತದೆ. 2000ದಲ್ಲಿ ರಸಾಯನವಿಜ್ಞಾನಿ ಹೇಗನ್ ಬೇಲಿ ಅವರ ತಂಡ ತಮ್ಮ ಒಳಗೋಡೆಗೆ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲದ ಆಸನಗಳನ್ನು ಜೋಡಿಸಿ ಸತು, ಕೋಬಾಲ್ಟ್, ಕ್ಯಾಡ್ಮಿಯಂ ಮೂರನ್ನೂ ಒಂದೇ ರಂಧ್ರದಿಂದ ಬೇರೆಬೇರೆಯಾಗಿ ಗುರುತಿಸಿತು. ಓದಿದಾಗ ಮೈ ಜುಮ್ಮೆಂದಿತ್ತು. ಆ ಜುಮ್ಮಿಗೆ ಈಗ ಕಾಲು ಶತಮಾನ ತುಂಬಿದೆ, ರಜತ ಮಹೋತ್ಸವದ ಶುಭಾಶಯಗಳನ್ನು ದಯವಿಟ್ಟು ಸ್ವೀಕರಿಸಬೇಕು.

ಆಮೇಲೆ ತಮ್ಮ ಆಸ್ಥಾನಕ್ಕೆ ಬಂದದ್ದು ಡಿಎನ್‌ಎ. ಪಾದರಸಕ್ಕೆ ಡಿಎನ್‌ಎಯ ಅಕ್ಷರಗಳಲ್ಲೊಂದಾದ ಥೈಮಿನ್ ಕಂಡರೆ ಮೋಹ, ಎರಡು ಥೈಮಿನ್‌ಗಳ ನಡುವೆ ತಾನೇ ಹೋಗಿ ಕೂತು ಎರಡನ್ನೂ ಬೆಸೆಯುತ್ತದೆ. ಹೀಗಾಗಿ ಥೈಮಿನ್ ತುಂಬಿದ ಒಂಟಿ ಎಳೆಯನ್ನು ನೀರಿಗೆ ಬಿಟ್ಟರೆ, ಪಾದರಸ ಇದ್ದಾಗ ಆ ಎಳೆ ಹೇರ್‌ಪಿನ್ನಿನಂತೆ ಮಡಚಿಕೊಳ್ಳುತ್ತದೆ. ಮಡಚಿಕೊಳ್ಳದ ಎಳೆ ತಮ್ಮ ಮೂಲಕ ಕಣ್ಣೆವೆ ಇಕ್ಕುವುದರೊಳಗೆ ಸರಿದು ಹೋಗುತ್ತದೆ. ಮಡಚಿಕೊಂಡದ್ದು ಬಾಗಿಲಲ್ಲಿ ಸಿಕ್ಕಿಕೊಂಡು ತಡಮಾಡುತ್ತದೆ, ಆ ತಡವೇ ಸಾಕ್ಷಿ. ಸೀಸಕ್ಕೆ ಗ್ವಾನಿನ್ ಎಂಬ ಇನ್ನೊಂದು ಅಕ್ಷರ ಹೆಚ್ಚಿರುವ ಎಳೆಗಳ ಸಹವಾಸ, ಅವನ್ನು ನಾಲ್ಕು ಮಡಿಕೆಯ ಗಂಟು ಮಾಡಿ ನಡುವೆ ತಾನು ಕೂರುತ್ತದೆ. ಕಳ್ಳನನ್ನು ಅವನ ಚಪಲದಿಂದಲೇ ಹಿಡಿಯುವ ಈ ಉಪಾಯವನ್ನು ಕಂಡವರ ಬುದ್ಧಿಗೆ ನಾನು ನಿಜಕ್ಕೂ ತಲೆಬಾಗುತ್ತೇನೆ. ಇಲ್ಲಿ ವ್ಯಂಗ್ಯವಿಲ್ಲ, ಮುಂದಿನ ಪ್ಯಾರಾದಿಂದ ಮತ್ತೆ ಶುರುವಾಗುತ್ತದೆ.

ಮಹಾಸ್ವಾಮಿ, ತಮ್ಮ ಆಹಾರಪದ್ಧತಿಯ ಬಗ್ಗೆ ಒಂದು ಬಿನ್ನಹ. ನಮ್ಮ ಕುಡಿಯುವ ನೀರನ್ನು ಪರೀಕ್ಷಿಸುವ ಮುನ್ನ ಅದರಲ್ಲಿ ಪೊಟ್ಯಾಶಿಯಮ್ ಕ್ಲೋರೈಡ್ ಬೆರೆಸಿ ಒಂದು ಮೋಲಾರ್ ದ್ರಾವಣ ಮಾಡಬೇಕೆಂಬುದು ತಮ್ಮ ಮನೆಯ ವಾಡಿಕೆ. ಲೀಟರಿಗೆ ಸುಮಾರು 75 ಗ್ರಾಂ ಉಪ್ಪು ಆಯಿತು. ಅರಬ್ಬೀ ಸಮುದ್ರ ಲೀಟರಿಗೆ 35 ಗ್ರಾಂನಲ್ಲೇ ತೃಪ್ತಿಪಟ್ಟುಕೊಂಡಿದೆ. ಸಿಹಿನೀರಿನ ಯೋಗ್ಯತೆ ತಿಳಿಯಲು ಅದನ್ನು ಸಮುದ್ರದ ಎರಡರಷ್ಟು ಉಪ್ಪು ಮಾಡಬೇಕೆಂಬ ತತ್ವ ನಮ್ಮಂಥ ಪಾಮರರ ಬುದ್ಧಿಗೆ ನಿಲುಕದು. ಉಪ್ಪಿಲ್ಲದಿದ್ದರೆ ತಮ್ಮ ಕಂಠದಲ್ಲಿ ಹರಿವೇ ಏಳುವುದಿಲ್ಲ, ಏಳದ ಹರಿವಿನಲ್ಲಿ ಕುಸಿತ ಕಾಣುವುದು ಹೇಗೆ ಎಂದು ಬಲ್ಲವರು ಹೇಳಿದರು, ಒಪ್ಪಿದೆ. ಆದರೂ ಒಂದು ಚಿಲ್ಲರೆ ಲೆಕ್ಕ ನೋಡಿ. ಆ ಉಪ್ಪಿನಲ್ಲಿ ಹತ್ತು ಲಕ್ಷಕ್ಕೆ ಒಂದೇ ಒಂದು ಪಾಲು ಸೀಸ ಕಲಬೆರಕೆಯಾಗಿದ್ದರೂ ಲೀಟರಿಗೆ 75 ಮೈಕ್ರೋಗ್ರಾಂ ಸೀಸ ಉಪ್ಪಿನಿಂದಲೇ ಬಂದು ಕೂತಿತು. ಕುಡಿಯುವ ನೀರಿನಲ್ಲಿ ಸೀಸಕ್ಕೆ ಭಾರತೀಯ ಮಾನಕ ಇಟ್ಟಿರುವ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ಆಗ ತಾವು ಪತ್ತೆ ಮಾಡಿದ್ದು ನಮ್ಮ ಬೋರ್‌ವೆಲ್ಲಿನ ಸೀಸವನ್ನೋ, ತಮ್ಮ ನೈವೇದ್ಯದ ಸೀಸವನ್ನೋ? ಸಾಲದ್ದಕ್ಕೆ ಸೀಸ ಹಿಡಿಯಲು ನೇಮಿಸಿದ ಆ ಗ್ವಾನಿನ್ ಎಳೆ ಪೊಟ್ಯಾಶಿಯಮ್ ಕಂಡರೂ ಮಡಚಿಕೊಳ್ಳಬಲ್ಲದು. ಕಾವಲಿಗೆ ನಿಂತವನಿಗೇ ಎದುರು ಪಕ್ಷದ ಪರಿಚಯ! ಅದಕ್ಕಾಗಿ ಉಪ್ಪನ್ನು ಅಳೆದೂ ತೂಗಿ ಆರಿಸಬೇಕಾಗುತ್ತದೆ. ತಮ್ಮ ಪಥ್ಯ ಬಾಣಂತಿಯ ಪಥ್ಯಕ್ಕಿಂತ ಕಟ್ಟುನಿಟ್ಟು.

ಶುಚಿಯ ವಿಷಯದಲ್ಲಂತೂ ತಾವು ಮಡಿವಂತರಲ್ಲಿ ಮಡಿವಂತರು. ಪ್ರಯೋಗಾಲಯದಲ್ಲಿ ತಮಗೆ ಅರ್ಪಿಸುವ ನೀರು ಅಯಾನುಗಳನ್ನೆಲ್ಲ ಸೋಸಿ ತೆಗೆದ, 18.2 ಮೆಗಾಓಮ್-ಸೆಂಟಿಮೀಟರ್ ರೋಧಶೀಲತೆಯ ನೀರು. ಅಷ್ಟು ಶುದ್ಧ ನೀರಿನ ಮುಂದೆ ಮಾತ್ರ ತಾವು ಬಾಯಿಬಿಟ್ಟು, ನೀರು ಮಲಿನವಾಗಿದೆಯೋ ಇಲ್ಲವೋ ಎಂದು ತೀರ್ಪು ಕೊಡುತ್ತೀರಿ. ಹೊಲದ ಬದುವಿನ ಬೋರ್‌ವೆಲ್ಲಿನಿಂದ ಕ್ಯಾನಿನಲ್ಲಿ ತಂದ ನೀರು ಎದುರಿಗೆ ಬಂದರೆ ತಮಗೆ ಗಂಟಲು ಕಟ್ಟುತ್ತದೆ. ಕೊಳೆತ ಎಲೆಯ ಹ್ಯೂಮಿಕ್ ಆಮ್ಲ, ಮಣ್ಣಿನ ಕಲಿಲ, ಎಲ್ಲಿಂದಲೋ ಬಂದ ಪ್ರೋಟೀನಿನ ಚೂರು, ಯಾವುದಾದರೂ ಒಂದು ಬಂದು ಅಡ್ಡ ಕೂತರೆ ಮುಗಿಯಿತು. ತಜ್ಞರು ಅದನ್ನು ಕ್ಲಾಗಿಂಗ್ ಎನ್ನುತ್ತಾರೆ. ನಮ್ಮ ಓಣಿಯ ಚರಂಡಿಗೂ ಅದೇ ಕಾಯಿಲೆ ಎಂದು ಹೇಳಿ ತಮ್ಮನ್ನು ಕುಗ್ಗಿಸಲಾರೆ.

‘ನೈಜ ಮಾದರಿಗಳ ಮೇಲೂ ಪರೀಕ್ಷಿಸಲಾಗಿದೆ’ ಎಂದು ತಮ್ಮ ಸ್ತುತಿಗ್ರಂಥಗಳ ಕೊನೆಯಲ್ಲಿ ಒಂದು ಅಧ್ಯಾಯ ಇರುವುದುಂಟು. ಭಕ್ತಿಯಿಂದ ಓದುತ್ತೇನೆ. ಕೆರೆಯ ನೀರನ್ನೋ ನಲ್ಲಿಯ ನೀರನ್ನೋ ತರುತ್ತಾರೆ, ಸೋಸುತ್ತಾರೆ, ಹತ್ತಾರು ಪಟ್ಟು ತೆಳುಮಾಡುತ್ತಾರೆ. ಆಮೇಲೆ ಅದಕ್ಕೆ ಅಳತೆ ಮಾಡಿದ ಪಾದರಸವನ್ನು ತಾವೇ ಬೆರೆಸುತ್ತಾರೆ. ಬೆರೆಸಿದ್ದರಲ್ಲಿ ನೂರಕ್ಕೆ ತೊಂಬತ್ತೆಂಟು ಪಾಲು ಮರಳಿ ಸಿಕ್ಕಿತು ಎಂದು ತಮಗೆ ಮಂಗಳಾರತಿ ಎತ್ತುತ್ತಾರೆ. ವಿಧಾನದ ನಿಖರತೆ ಪರೀಕ್ಷಿಸಲು ಇದು ಲೋಕಮಾನ್ಯ ಕ್ರಮ, ಎಲ್ಲ ಉಪಕರಣಗಳಿಗೂ ಇದೇ ಶಾಸ್ತ್ರ ಎಂದು ನನಗೂ ಗೊತ್ತು. ಆದರೆ ಮಿಕ್ಕ ಉಪಕರಣಗಳು ಈ ಶಾಸ್ತ್ರ ಮುಗಿದ ಮೇಲೆ ಕೆಲಸಕ್ಕೆ ಹೋಗುತ್ತವೆ. ತಮಗೆ ಶಾಸ್ತ್ರವೇ ಕೆಲಸ. ಇಟ್ಟದ್ದನ್ನೇ ಎತ್ತಿ ಕೊಡುವುದರಲ್ಲಿ ತಮ್ಮ ಪ್ರಾಮಾಣಿಕತೆ ಪ್ರಶ್ನಾತೀತ. ಬೇರೆಯವರು ಇಟ್ಟು ಹೋದದ್ದನ್ನು ಎತ್ತಿ ತೋರಿಸುವಿರಾ ಎಂಬುದಷ್ಟೇ ನಮ್ಮ ಕುತೂಹಲ.

ಇನ್ನು ತಮ್ಮ ಸೂಕ್ಷ್ಮತೆ. ಇದರ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಬೇಡಿಕೊಳ್ಳಬೇಕಾಗಿದೆ, ಸಾವಧಾನದಿಂದ ಆಲಿಸಬೇಕು. ನಮ್ಮ ದೇಶದ ಮಾನಕದ ಪ್ರಕಾರ ಒಂದು ಲೀಟರ್ ಕುಡಿಯುವ ನೀರಿನಲ್ಲಿ ಆರ್ಸೆನಿಕ್ 10 ಮೈಕ್ರೋಗ್ರಾಂ, ಸೀಸ 10, ಕ್ಯಾಡ್ಮಿಯಂ 3, ಪಾದರಸ 1 ಮೀರಬಾರದು. ತಮ್ಮ ಆಸ್ಥಾನದ ಭಾಷೆಗೆ ತಂದರೆ ಆರ್ಸೆನಿಕ್ ಸುಮಾರು 133 ನ್ಯಾನೋಮೋಲಾರ್, ಸೀಸ 48, ಕ್ಯಾಡ್ಮಿಯಂ 27, ಪಾದರಸ 5. ನಮ್ಮ ಅಗತ್ಯ ಇಷ್ಟೇ. ಈ ಗೆರೆಯ ಆಚೆಗೋ ಈಚೆಗೋ ಎಂದು ಹೇಳಿದರೆ ಕೊಡ ಕೆಳಗಿಡುತ್ತೇವೆ ಇಲ್ಲವೇ ತುಂಬಿಕೊಳ್ಳುತ್ತೇವೆ. ತಾವು ಅಷ್ಟಕ್ಕೆ ತೃಪ್ತರಾಗದೆ ಅದಕ್ಕೂ ಸಾವಿರ ಪಟ್ಟು ಕೆಳಗಿನ ಪಿಕೋಮೋಲಾರ್ ಪಾತಾಳಕ್ಕೆ ಇಳಿಯುವ ಪೈಪೋಟಿಯಲ್ಲಿ ತೊಡಗಿದ್ದೀರಿ. ಅಲ್ಲಿ ಅಯಾನು ತಾನಾಗಿ ಅಲೆಯುತ್ತ ತಮ್ಮ ಬಾಗಿಲಿಗೆ ಬರಲು ನಿಮಿಷಗಳೇ ಹಿಡಿಯುತ್ತವೆ. ನಾಲ್ಕು ಜನ ಬರುವವರೆಗೆ ಕಾಯುವುದೆಂದರೆ ಊಟದ ಹೊತ್ತು ಮೀರುತ್ತದೆ. ಅಲ್ಲಿ ತಮ್ಮನ್ನು ಕರೆದವರು ಯಾರು? ನಮ್ಮ ಬಾಯಾರಿಕೆ ನ್ಯಾನೋಮೋಲಾರ್ ಅಂಗಳದಲ್ಲೇ ಕೂತಿದೆ.

ಆ ಅಂಗಳದಲ್ಲಿ ತಮ್ಮ ಕಷ್ಟ ಏನೆಂಬುದನ್ನೂ ನಾನೇ ಹೇಳಿಬಿಡುತ್ತೇನೆ, ತಾವು ಸಂಕೋಚಪಡುವುದು ಬೇಡ. ನಮ್ಮ ಬೋರ್‌ವೆಲ್ ನೀರು ಗಡಸು. ಸೋಪು ನೊರೆ ಬಿಡದ, ಸ್ಟೀಲ್ ಕೊಡದ ಕಂಠಕ್ಕೆ ಬಿಳಿ ಪಟ್ಟೆ ಕಟ್ಟುವ ನೀರು. ಲೀಟರಿಗೆ 200 ಮಿಲಿಗ್ರಾಂ ಗಡಸುತನ ಮಾನಕದ ಪ್ರಕಾರ ಚೊಕ್ಕ ನೀರು, ಬೇರೆ ದಾರಿ ಇಲ್ಲದಿದ್ದರೆ 600ರ ತನಕ ಪರವಾಗಿಲ್ಲ. ಆ 200ರಲ್ಲೇ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೇರಿ ಎರಡು ಮಿಲಿಮೋಲಾರ್ ಆಯಿತು. ಅಂದರೆ ಮಿತಿಯ ಅಂಚಿನಲ್ಲಿ ನಿಂತ ಒಂದೊಂದು ಸೀಸದ ಅಯಾನಿಗೆ ಸುತ್ತ ನಲವತ್ತು ಸಾವಿರದಷ್ಟು ಕ್ಯಾಲ್ಸಿಯಂ, ಮೆಗ್ನೀಸಿಯಂ ಅಯಾನುಗಳು. ಎಲ್ಲರ ಮೈಮೇಲೂ ಎರಡೇ ಧನ ಆವೇಶ, ಎಲ್ಲರಿಗೂ ಅದೇ ಆಸನದ ಮೇಲೆ ಕಣ್ಣು. ಗೌರಿ ಹಬ್ಬದ ಹಿಂದಿನ ಸಂಜೆ ಬೆಂಗಳೂರಿನ ಸಿಟಿ ಮಾರ್ಕೆಟ್ಟಿನಲ್ಲಿ ಜೇಬುಗಳ್ಳನೊಬ್ಬನನ್ನು ಹುಡುಕಿದಂತೆ. ಅದು ಸುಲಭವೆಂದು ನಾನು ಎಲ್ಲೂ ಹೇಳಿಲ್ಲ. ಆದರೆ ಖಾಲಿ ಮಾರ್ಕೆಟ್ಟಿನಲ್ಲಿ ಒಬ್ಬನನ್ನೇ ನಿಲ್ಲಿಸಿ ಹಿಡಿದು, ಹಿಡಿದೆ ಎಂದು ಪದಕ ತೆಗೆದುಕೊಳ್ಳುವುದಕ್ಕಿಂತ ನಲವತ್ತು ಸಾವಿರದಲ್ಲಿ ಒಬ್ಬನನ್ನು ಅರ್ಧಂಬರ್ಧ ಹಿಡಿದರೂ ನಾವು ಹೂಹಾರದೊಂದಿಗೆ ಸಿದ್ಧ.

ಈಗ ಆರ್ಸೆನಿಕ್ ಮಹಾರಾಯರ ವಿಷಯ. ಅವರು ಪೂರ್ತಿ ಲೋಹವೂ ಅಲ್ಲ, ಅರೆಲೋಹ. ಅದಕ್ಕಿರಬೇಕು ತಮ್ಮ ದರಬಾರಿನಲ್ಲಿ ಅವರ ಕಡತ ಯಾವಾಗಲೂ ಕೆಳಗೆ ಬೀಳುತ್ತದೆ. ನೆಲದಾಳದ ಆಮ್ಲಜನಕವಿಲ್ಲದ ನೀರಿನಲ್ಲಿ ಅವರು ಆರ್ಸೆನಸ್ ಆಮ್ಲವಾಗಿ, ಮೈಮೇಲೆ ಧನ ಋಣ ಯಾವ ಆವೇಶವನ್ನೂ ಇಟ್ಟುಕೊಳ್ಳದೆ ಓಡಾಡುತ್ತಾರೆ. ವಿದ್ಯುತ್ತಿಗೆ ಸ್ಪಂದಿಸಿ ತಮ್ಮ ಬಳಿಗೆ ಓಡಿ ಬರುವ ಗರಜು ಅವರಿಗಿಲ್ಲ, ಥೈಮಿನ್ ಗ್ವಾನಿನ್‌ಗಳ ಹಂಗೂ ಇಲ್ಲ. ಗಂಧಕ ಕಂಡರೆ ಮಾತ್ರ ಅಂಟಿಕೊಳ್ಳುತ್ತಾರೆ. ತಮ್ಮ ಒಳಗೋಡೆಗೆ ಗಂಧಕವುಳ್ಳ ಸಿಸ್ಟೀನ್ ಕೂರಿಸಿ, ಆರ್ಸೆನಿಕ್‌ನ ಸಾವಯವ ಸಂಯುಕ್ತವೊಂದು ಅದಕ್ಕೆ ಅಂಟುವುದನ್ನೂ ಬಿಡುವುದನ್ನೂ ಒಂದೊಂದು ಅಣುವಿನ ಲೆಕ್ಕದಲ್ಲಿ ನೋಡಿದ್ದು 2002ರಲ್ಲಿ. ಅದೂ ಅದೇ ಬೇಲಿ ಅವರ ಬಳಗ. ದಾರಿ ತಮಗೆ ಗೊತ್ತಿಲ್ಲದ್ದಲ್ಲ.

ದಾರಿಯ ಇನ್ನೊಂದು ತುದಿಯಲ್ಲಿ ಯಾರಿದ್ದಾರೆಂದು ತಮಗೆ ತಿಳಿಸುವುದು ನನ್ನ ಕರ್ತವ್ಯ. ಯಾದಗಿರಿ ಜಿಲ್ಲೆಯ ಸುರಪುರ ಸೀಮೆಯಲ್ಲಿ ಮಂಗಳೂರು ಎಂಬ ಊರಿದೆ, ಕಡಲತೀರದ್ದಲ್ಲ. ಅದರ ಹೆಸರು ಹೊತ್ತ ಹಳೆಯ ಶಿಲಾಪಟ್ಟಿಯಲ್ಲಿ ಚಿನ್ನವೂ ಇದೆ, ಚಿನ್ನದ ಜೊತೆಗೆ ಆರ್ಸೆನಿಕ್ ತುಂಬಿದ ಖನಿಜವೂ ಇದೆ. ಹಿಂದೆ ಅಲ್ಲಿ ಚಿನ್ನಕ್ಕಾಗಿ ಗಣಿ ತೋಡಿದ್ದರು. ಅದೇ ಸೀಮೆಯ ಕಿರದಳ್ಳಿ ತಾಂಡಾದ ಜನರ ಅಂಗೈ ಅಂಗಾಲುಗಳ ಚರ್ಮ ಗಂಟುಗಂಟಾಗಿ ಒರಟಾದದ್ದು, ಮೈಮೇಲೆ ಕಪ್ಪು ಬಿಳಿ ಚುಕ್ಕೆಗಳೆದ್ದದ್ದು ಕುಡಿಯುವ ನೀರಿನ ಆರ್ಸೆನಿಕ್‌ನಿಂದ ಎಂದು ಕೊಲ್ಕತ್ತದ ಜಾದವಪುರ ವಿಶ್ವವಿದ್ಯಾಲಯದ ದೀಪಂಕರ್ ಚಕ್ರವರ್ತಿ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದರು. ಆರ್ಸೆನಿಕ್‌ನಲ್ಲಿ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಆ ತಾಂಡಾದಲ್ಲಿ ಮೊದಲ ಸಂವೇದಕ ಆದದ್ದು ಅಲ್ಲಿನವರ ಚರ್ಮವೇ. ಅದರ ಪ್ರತಿಕ್ರಿಯಾ ಸಮಯ ಹಲವು ವರ್ಷ, ಮರುಬಳಕೆ ಸಾಧ್ಯವಿಲ್ಲ. ತಮ್ಮ ಪ್ರತಿಕ್ರಿಯಾ ಸಮಯ ಮಿಲಿಸೆಕೆಂಡುಗಳಲ್ಲಿ ಎಂದು ಓದಿ ಬಲ್ಲೆ. ಆ ಮಿಲಿಸೆಕೆಂಡು ಸುರಪುರಕ್ಕೆ ಬಂದು ತಲುಪಲು ಬೇಕಾದ ಸಮಯವನ್ನೂ ಅದಕ್ಕೆ ಕೂಡಿಸಿದ್ದಾರೋ ಇಲ್ಲವೋ ತಿಳಿಯಲಿಲ್ಲ.

ತಮ್ಮ ಗೈರುಹಾಜರಿಯಲ್ಲಿ ಕೆಲಸ ಮಾಡಿದವರ ಹೆಸರು ಹೇಳಿದರೆ ತಮಗೆ ಬೇಸರವಾಗಬಾರದು. ಬಾಂಗ್ಲಾದೇಶದಲ್ಲಿ ಕೆರೆಕುಂಟೆಗಳ ರೋಗಾಣುಗಳಿಂದ ಜನರನ್ನು ಉಳಿಸಲೆಂದು ತೋಡಿದ ಕೈಪಂಪುಗಳೇ ಆರ್ಸೆನಿಕ್ ಕುಡಿಸುತ್ತಿವೆ ಎಂದು ಗೊತ್ತಾದ ಮೇಲೆ ಸುಮಾರು 50 ಲಕ್ಷ ಬಾವಿಗಳನ್ನು ಪರೀಕ್ಷಿಸಿದರು. ಕುಡಿಯಬಾರದ ಪಂಪಿಗೆ ಕೆಂಪು ಬಣ್ಣ, ಕುಡಿಯಬಹುದಾದದ್ದಕ್ಕೆ ಹಸಿರು ಬಣ್ಣ ಬಳಿದರು. ಹೀಗೆ ತೀರ್ಪು ಕೊಟ್ಟದ್ದು ಹತ್ತೊಂಬತ್ತನೆಯ ಶತಮಾನದ ಗುಟ್‌ಜೈಟ್ ವಿಧಾನದ ಮೊಮ್ಮಗನಾದ ಒಂದು ಕಾಗದದ ಚೂರು. ನೀರಿಗೆ ಸತುವಿನ ಪುಡಿ ಮತ್ತು ಆಮ್ಲ ಹಾಕಿದರೆ ಆರ್ಸೆನಿಕ್ ಅನಿಲವಾಗಿ ಏಳುತ್ತದೆ, ಮೇಲೆ ಹಿಡಿದ ಕಾಗದಕ್ಕೆ ತಾಗಿ ಹಳದಿಯಿಂದ ಕಂದುಬಣ್ಣದ ಕಲೆ ಬೀಳುತ್ತದೆ. ಆ ಕಾಗದ ಅಂಥ ಮಹಾಮೇಧಾವಿಯೇನಲ್ಲ. ಮಿತಿಯ ಅಂಚಿನಲ್ಲಿ ತಪ್ಪುತ್ತಿತ್ತು, ಕೆಲವು ಕೆಂಪನ್ನು ಹಸಿರೆಂದಿತು, ಕೆಲವು ಹಸಿರನ್ನು ಕೆಂಪೆಂದಿತು. ಒಂದೇ ಒಂದು ಅಣುವನ್ನು ಎಣಿಸುವ ಯೋಗ್ಯತೆ ಅದಕ್ಕೆ ಏಳು ಜನ್ಮಕ್ಕೂ ಬಾರದು. ಆದರೆ ಅದು ಬಂದಿತ್ತು. ಮಳೆಯಲ್ಲಿ, ಕೆಸರಿನಲ್ಲಿ, ಯಾರದೋ ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂತಾದರೂ ಬಂದಿತ್ತು.

ತಾವು ಪ್ರಯಾಣ ಮಾಡಲಾರಿರಿ, ಮೈ ನಾಜೂಕು ಎಂದು ತಮ್ಮ ಪರವಾಗಿ ವಾದಿಸುವವರಿದ್ದಾರೆ. ನಿಜ. ತಾವು ನಿಂತಿರುವ ಕೊಬ್ಬಿನ ಪೊರೆ ಐದು ನ್ಯಾನೋಮೀಟರ್ ದಪ್ಪ. ಗಾಳಿಗುಳ್ಳೆಯೊಂದು ತಾಗಿದರೆ, ಮೇಜು ಅಲುಗಿದರೆ ಒಡೆಯುತ್ತದೆ. ಗೋಡೆಯೊಳಗಿನ ವೈರಿನ 50 ಹರ್ಟ್ಸ್ ಗುಂಯ್‌ಗುಡುವಿಕೆ ತಮ್ಮ ಕಿವಿಗೆ ಬೀಳದಂತೆ ಲೋಹದ ಪೆಟ್ಟಿಗೆಯೊಳಗೆ ಬಾಗಿಲು ಹಾಕಿ ಕೂರಿಸಬೇಕು. ನಮ್ಮಲ್ಲಿ ಟ್ರಾನ್ಸ್‌ಫಾರ್ಮರ್ ಗುಂಯ್‌ಗುಟ್ಟಿದರೆ ಕರೆಂಟ್ ಬಂತೆಂದು ಊರೇ ಖುಷಿಪಡುತ್ತದೆ, ಅದು ಬೇರೆ ಮಾತು. ಪೊರೆ ಬೇಡವೆಂದು ಸಿಲಿಕಾನ್ ನೈಟ್ರೈಡ್ ಹಾಳೆಯಲ್ಲಿ ಎಲೆಕ್ಟ್ರಾನ್ ಕಿರಣದಿಂದ ಕೊರೆದ ತಮ್ಮ ಗಟ್ಟಿಮುಟ್ಟಿನ ದಾಯಾದಿಗಳೂ ಇದ್ದಾರೆ. ಅವರು ಒಡೆಯುವುದಿಲ್ಲ, ಆದರೆ ಒಬ್ಬರ ಅಳತೆ ಇನ್ನೊಬ್ಬರಿಗಿಲ್ಲ, ದಿನ ಕಳೆದಂತೆ ಬಾಯಿ ಅಗಲವಾಗುವವರೂ ಉಂಟು. ಇವೆಲ್ಲ ದೇಹಪ್ರಕೃತಿ, ಯಾರನ್ನೂ ದೂರಲಾಗದು ಎಂದುಕೊಂಡು ನಾನೂ ಸುಮ್ಮನಿದ್ದೆ.

ಅಷ್ಟರಲ್ಲಿ ತಮ್ಮ ಸೋದರಸಂಬಂಧಿಯ ಸುದ್ದಿ ಬಂತು. ಡಿಎನ್‌ಎ ಓದುವ ಕೆಲಸಕ್ಕೆ ಸೇರಿದ ಅವರು 2014ರಲ್ಲಿ ಅಂಗೈಯಲ್ಲಿ ಹಿಡಿಯುವ ಮಿನ್‌ಅಯಾನ್ ಎಂಬ ಯಂತ್ರವಾಗಿ ಆಕ್ಸ್‌ಫರ್ಡ್ ನ್ಯಾನೋಪೋರ್ ಕಂಪನಿಯಿಂದ ಹೊರಬಿದ್ದರು. ತೂಕ ನೂರು ಗ್ರಾಂ ಆಸುಪಾಸು, ಲ್ಯಾಪ್‌ಟಾಪ್‌ಗೆ ಸಿಕ್ಕಿಸಿದರೆ ಸಾಕು. ಕೊಬ್ಬಿನ ಪೊರೆಯ ಬದಲು ಗಟ್ಟಿ ಪಾಲಿಮರ್ ಪೊರೆ, ಒಂದರ ಬದಲು ನೂರಾರು ರಂಧ್ರಗಳು. 2015ರಲ್ಲಿ ಎಬೋಲಾ ಹರಡಿದ್ದ ಗಿನಿಗೆ ಲಗೇಜಿನಲ್ಲಿ ಕೂತು ಹೋಗಿ ವೈರಾಣುವಿನ ಜಾತಕ ಬರೆದು ಬಂದರು. 2016ರಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದರು, ಅಲ್ಲಿ ಗಗನಯಾತ್ರಿ ಕೇಟ್ ರೂಬಿನ್ಸ್ ಅವರಿಂದ ಕೆಲಸ ಮಾಡಿಸಿದರು. ರಾಕೆಟ್ಟಿನ ಕುಲುಕಾಟವನ್ನು ತಡೆದುಕೊಂಡ ಮನೆತನ ತಮ್ಮದು. ಸುರಪುರದ ಬಸ್ಸಿನ ಕುಲುಕಾಟ ಅದಕ್ಕಿಂತ ಹೆಚ್ಚೆಂದು ತಾವು ವಾದಿಸಿದರೆ ಮಾತ್ರ ನಾನು ಸೋಲುತ್ತೇನೆ.

ಹಾಗಾದರೆ ತಡೆಯುತ್ತಿರುವುದು ಮೈಯಲ್ಲ, ಜೇಬು. ಜೀನೋಮ್ ಓದಿಸಿಕೊಳ್ಳುವವರು ದುಡ್ಡು ಕೊಡುತ್ತಾರೆ. ಆಸ್ಪತ್ರೆ ಕೊಡುತ್ತದೆ, ಔಷಧ ಕಂಪನಿ ಕೊಡುತ್ತದೆ, ವಿಶ್ವವಿದ್ಯಾಲಯ ಕೊಡುತ್ತದೆ. ತಾಂಡಾದ ಕೈಪಂಪು ಯಾರಿಗೆ ಏನು ಕೊಟ್ಟೀತು? ಸೀಸ ಹಿಡಿಯುವ ರಂಧ್ರಕ್ಕೆ ಪ್ರಬಂಧ ಇದೆ, ಪೇಟೆ ಇಲ್ಲ. ಇದು ನನ್ನ ಅನುಮಾನ, ತಮ್ಮ ಮೇಲಿನ ಆರೋಪವಲ್ಲ. ತಾವು ಪಾಪ ತೂತು ಮಾತ್ರ, ಹಾಕಿದ ದಾರಿಯಲ್ಲಿ ಹೋಗುವವರು.

ನಮಗೆ ತಾವು ನಿಜವಾಗಿ ಯಾಕೆ ಬೇಕೆಂಬುದನ್ನು ತಮ್ಮ ಸುತ್ತಲಿನವರು ತಮಗೆ ಹೇಳಿದ ಹಾಗೆ ಕಾಣದು. ನೀರಿನಲ್ಲಿ ಎಷ್ಟು ಅಲ್ಪ ಲೋಹವಿದ್ದರೂ ಕಂಡುಹಿಡಿಯುವ ಐಸಿಪಿ-ಎಂಎಸ್ ಎಂಬ ದೈತ್ಯ ಯಂತ್ರ ದೊಡ್ಡ ಊರುಗಳಲ್ಲಿದೆ. ಆರ್ಗಾನ್ ಅನಿಲವನ್ನು ಸೂರ್ಯನ ಮೇಲ್ಮೈಗಿಂತ ಹೆಚ್ಚು ಕಾಯಿಸಿ ನೀರನ್ನು ಪರಮಾಣುಗಳಾಗಿ ಬಿಡಿಸಿ ತೂಗುತ್ತದೆ. ಸೂಕ್ಷ್ಮತೆಯಲ್ಲಿ ಅದಕ್ಕೆ ತಮ್ಮ ಪಾಠ ಬೇಕಿಲ್ಲ. ಬಾಟಲಿ ಅಲ್ಲಿಗೆ ಹೋಗಬೇಕು, ಪಾಳಿಯಲ್ಲಿ ಕೂರಬೇಕು, ವರದಿ ಮರಳಿ ಬರಬೇಕು. ನನ್ನ ಬಾಟಲಿಯೂ ಅಂಥದ್ದೊಂದು ಪಾಳಿಯಲ್ಲಿ ಕೂತಿದೆ. ವಿಚಾರಿಸಿದಾಗಲೆಲ್ಲ ‘ಆಗತ್ತೆ ಸಾರ್, ಮೇಲಿಂದ ಸ್ಯಾಂಪಲ್ ಜಾಸ್ತಿ ಬಂದಿದೆ’ ಎಂಬ ಸೌಜನ್ಯದ ಉತ್ತರ ಸಿಗುತ್ತದೆ. ಅಷ್ಟರಲ್ಲಿ ಬೋರ್‌ವೆಲ್ಲಿನ ನೀರು ಇನ್ನೂ ಐವತ್ತು ಅಡಿ ಕೆಳಗಿಳಿದು ಬೇರೆ ಬಂಡೆಯ ಬಿರುಕಿನ ನೀರೇ ಬರುತ್ತಿರಲೂಬಹುದು.

ಆರ್ಸೆನಿಕ್ ಬಾವಿಯಿಂದ ಬಾವಿಗೆ ಬದಲಾಗುತ್ತದೆ. ಒಂದು ಮನೆಯ ಪಂಪು ವಿಷ, ಹಿತ್ತಲು ದಾಟಿದರೆ ಇನ್ನೊಂದು ಮನೆಯದು ಚೊಕ್ಕ. ಸೀಸ ಇನ್ನೂ ಕಿಲಾಡಿ. ಅಮೆರಿಕದ ಮಿಷಿಗನ್ ರಾಜ್ಯದ ಫ್ಲಿಂಟ್ ಊರು 2014ರ ಏಪ್ರಿಲ್‌ನಲ್ಲಿ ನದಿನೀರಿಗೆ ಬದಲಾದಾಗ ಕೊಳವೆ ಸವೆಯದಂತೆ ತಡೆಯುವ ರಾಸಾಯನಿಕ ಹಾಕಲಿಲ್ಲ. ಹಳೆಯ ಸೀಸದ ಕೊಳವೆಗಳು ಕರಗಿ ಮನೆಮನೆಯ ನಲ್ಲಿಗೆ ಬಂದವು. ಅಂಥ ಕಡೆ ನೀರಿನ ಮೂಲದಲ್ಲಿ ಎಷ್ಟು ಪರೀಕ್ಷಿಸಿದರೂ ಏನೂ ಸಿಗದು, ವಿಷ ಸೇರಿಕೊಳ್ಳುವುದೇ ದಾರಿಯಲ್ಲಿ. ಹಾಗಾಗಿ ವರ್ಷಕ್ಕೊಮ್ಮೆ ಒಂದು ಬಾಟಲಿಯನ್ನು ಅತಿಸೂಕ್ಷ್ಮವಾಗಿ ನೋಡುವವರು ನಮಗೆ ಆಗಲೇ ಇದ್ದಾರೆ. ನೂರು ನಲ್ಲಿಗಳನ್ನು ವಾರಕ್ಕೊಮ್ಮೆ ಸುಮಾರಾಗಿ ನೋಡುವವರು ಇಲ್ಲ. ಆ ಹುದ್ದೆ ಖಾಲಿ ಇದೆ, ಅರ್ಜಿ ಹಾಕಿದವರಲ್ಲಿ ಅರ್ಹತೆ ಇರುವವರು ತಾವೇ. ಸಂದರ್ಶನಕ್ಕೆ ಕರೆದಾಗಲೆಲ್ಲ ತಾವು ಇನ್ನೊಂದು ಡಾಕ್ಟರೇಟ್ ಮುಗಿಸಿ ಬರುತ್ತೇನೆ ಎನ್ನುತ್ತೀರಿ.

ಆದಕಾರಣ ತಮ್ಮ ಸನ್ನಿಧಿಯಲ್ಲಿ ಕೆಲವು ಅಹವಾಲುಗಳು. ಮೊದಲನೆಯದು, ಇನ್ನು ಮುಂದೆ ಸೂಕ್ಷ್ಮರಾಗುವುದನ್ನು ದಯವಿಟ್ಟು ನಿಲ್ಲಿಸಬೇಕು. ಈಗಿರುವಷ್ಟು ಸೂಕ್ಷ್ಮತೆ ನಮ್ಮ ಮೊಮ್ಮಕ್ಕಳ ಕಾಲಕ್ಕೂ ಸಾಕು. ಸಾಧ್ಯವಾದರೆ ಸ್ವಲ್ಪ ಒರಟಾಗಬೇಕು. ಎರಡನೆಯದು, ಮುಂದಿನ ಸ್ತುತಿಗ್ರಂಥದಲ್ಲಿ ಯಾರೂ ಏನನ್ನೂ ಬೆರೆಸದ, ಸೋಸದ, ಬೋರ್‌ವೆಲ್ಲಿನಿಂದ ಹಿಡಿದ ಹಾಗೇ ಇರುವ ಒಂದು ಲೋಟ ನೀರನ್ನು ಸ್ವೀಕರಿಸಬೇಕು, ಸೋತರೆ ಸೋತೆ ಎಂದೇ ಬರೆಸಬೇಕು. ಸೋಲಿನ ಅಂಕಿ ನಮಗೆ ಗೆಲುವಿನ ಅಂಕಿಗಿಂತ ಉಪಯೋಗಕ್ಕೆ ಬರುತ್ತದೆ. ಗಂಟಲು ಕಟ್ಟಿದಾಗ ಒತ್ತಡ ತಿರುಗುಮುರುಗು ಮಾಡಿ ಕೆಮ್ಮಿ ಸರಿಮಾಡಿಕೊಳ್ಳುವ ವಿದ್ಯೆ ತಮಗೆ ಬರುತ್ತದಂತೆ, ಅದನ್ನು ನಾಚಿಕೆಯಿಲ್ಲದೆ ನಾಲ್ಕು ಜನರ ಎದುರಿಗೇ ಮಾಡಬೇಕು.

ಮತ್ತೊಂದು ಮಾತು, ಇದನ್ನು ಪ್ರತ್ಯೇಕವಾಗಿ ಬೇಡುತ್ತೇನೆ. ಜಲ ಜೀವನ್ ಮಿಷನ್‌ನಲ್ಲಿ ಹಳ್ಳಿಗೆ ಐವರು ಹೆಣ್ಣುಮಕ್ಕಳಂತೆ ನೀರು ಪರೀಕ್ಷೆ ಕಲಿಸುವ ಏರ್ಪಾಟಿದೆ. ಪ್ಲಾಸ್ಟಿಕ್ ಡಬ್ಬಿಯ ಕಿಟ್ ಬಿಚ್ಚಿ, ಹನಿ ಲೆಕ್ಕದಲ್ಲಿ ದ್ರಾವಣ ಬಿಟ್ಟು, ಬಣ್ಣದ ಪಟ್ಟಿಗೆ ಹಿಡಿದು ಫ್ಲೋರೈಡ್, ನೈಟ್ರೇಟ್, ಕಬ್ಬಿಣ, ಗಡಸುತನ ಹೇಳುತ್ತಾರೆ. ಸೀಸ, ಪಾದರಸ, ಕ್ಯಾಡ್ಮಿಯಂ ಆ ಸಾಮಾನ್ಯ ಕಿಟ್ಟಿನಲ್ಲಿ ಇರುವುದಿಲ್ಲ. ತಾವು ದಯಮಾಡಿಸುವುದಾದರೆ ಬರಬೇಕಾದದ್ದು ಆ ಅಕ್ಕಂದಿರ ಕೈಗೆ. ಅವರು ತಮ್ಮನ್ನು ಲೋಹದ ಪೆಟ್ಟಿಗೆಯಲ್ಲಿ ಬಾಗಿಲು ಹಾಕಿ ಕೂರಿಸಲಾರರು. ಹಾಲಿನ ಡೇರಿಯ ಪಕ್ಕದ ಕಟ್ಟೆಯ ಮೇಲೆ ಇಡುತ್ತಾರೆ. ಮಕ್ಕಳು ಸುತ್ತ ನಿಂತು ಮುಟ್ಟುತ್ತವೆ. ಯಾರಾದರೂ ‘ಇದೇನವ್ವಾ, ಇದರಾಗ ಏನು ಕಾಣ್ತದ?’ ಎಂದು ಬಗ್ಗಿ ನೋಡುತ್ತಾರೆ. ಆ ಪ್ರಶ್ನೆಗೆ ತಾವು ಅಲ್ಲೇ, ಆಗಲೇ, ಒಂದು ಮಾತಿನಲ್ಲಿ ಉತ್ತರ ಕೊಡಬೇಕಾಗುತ್ತದೆ. ಪೂರಕ ಮಾಹಿತಿಯಲ್ಲಿ ಚಿತ್ರ ನೋಡಿ ಎಂದರೆ ಅಲ್ಲಿ ನಡೆಯದು.

ಅಧಿಕಪ್ರಸಂಗವಾಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು. ತಮ್ಮ ಕಂಠದ ಅಳತೆ ನೋಡಿದರೆ ಅದೂ ಕಷ್ಟವೇನೋ.

ಇಂತಿ ತಮ್ಮ ವಿಧೇಯ,
ಕೊಡ ಹಿಡಿದು ನಿಂತವರ ಸಾಲಿನಲ್ಲೊಬ್ಬ

ವಿ.ಸೂ.: ಮರುಟಪಾಲಿನಲ್ಲಿ ಉತ್ತರ ಬರೆಯುವ ಕೃಪೆ ಮಾಡುವುದಾದರೆ ಪಿಕೋಆಂಪಿಯರ್ ನಕ್ಷೆ ಕಳಿಸಬೇಡಿ, ಅದನ್ನು ಓದಿ ಹೇಳುವವರು ನಮ್ಮ ತಾಲೂಕಿನಲ್ಲಿಲ್ಲ. ಒಂದು ಡಬ್ಬಿ ಕೆಂಪು ಬಣ್ಣ, ಒಂದು ಡಬ್ಬಿ ಹಸಿರು ಬಣ್ಣ, ಎರಡು ಬ್ರಷ್ ಕಳಿಸಿ. ಯಾವ ಪಂಪಿಗೆ ಯಾವುದೆಂದು ಫೋನಿನಲ್ಲಿ ಹೇಳಿದರೂ ನಡೆಯುತ್ತದೆ.